ಲಿವರ್ ರೈಫಲ್ ಮೇಲೆ ದೊಡ್ಡ ಸ್ಕೋಪ್ ಕೂರತದೇನು, ಕಾಕಾ?

ಪ್ರಶ್ನೆ: "ಕಾಕಾ, ನಾನು ಟೆಕ್ಸಸ್‌ನಾಗ ಇದ್ದೀನಿ. .357 ಮ್ಯಾಗ್ನಮ್ ಲಿವರ್ ಆ್ಯಕ್ಷನ್ ರೈಫಲ್ ತಗೋಬೇಕು ಅಂತ ಮಾಡೀನಿ. ಯಾವುದು ಚಲೋ? ಮ್ಯಾಲೆ 6-24 ಪಟ್ಟಿನ ಸ್ಕೋಪ್, ಅಂದ್ರ ಗುರಿ 6ರಿಂದ 24 ಪಟ್ಟು ದೊಡ್ಡದು ಮಾಡಿ ತೋರಿಸೋ ದುರ್ಬೀನು, ಕೂರತದೇನು? 300 ಮೀಟರ್ ಹೊಡೀಬೇಕು."

ಕೂರುತ್ತದೆ. ಸ್ಕೂಟರ್ ಮೇಲೆ ಕಬ್ಬಿಣದ ಕಪಾಟೂ ಕೂರುತ್ತದೆ. ನಮ್ಮ ಪುಣೆಯ ಲಕ್ಷ್ಮೀ ರೋಡಿನಲ್ಲಿ ನಾನೇ ನೋಡಿದ್ದೇನೆ, ಹಿಂದೆ ಕೂತವನು ಅದನ್ನು ತಬ್ಬಿಕೊಂಡಿದ್ದ.

ಈ ವರ್ಷ ಇದೇ ಪ್ರಶ್ನೆ ಬಂದದ್ದು ಏಳನೇ ಸಲ. ಊರು ಬದಲಾಗುತ್ತದೆ, ಒಮ್ಮೆ ಅರಿಜೋನ, ಒಮ್ಮೆ ಓಹಾಯೋ. ಅಪ್ಪ ಅಮ್ಮ ಇಲ್ಲಿ ಕೋಥ್ರೂಡ್‌ನಲ್ಲೋ ಪಿಂಪ್ರಿಯಲ್ಲೋ ಇರುತ್ತಾರೆ. ಮಗ ಅಲ್ಲಿ. "ಖಡಕಿ ಕಾಕಾ ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರು, ಅವರನ್ನು ಕೇಳು" ಅಂತ ಯಾರೋ ಹೇಳಿರುತ್ತಾರೆ. ಹೌದು, ನಾನು 24 ವರ್ಷ ಇ.ಎಂ.ಇ.ಯಲ್ಲಿ, ಅಂದರೆ ಸೈನ್ಯದ ಯಂತ್ರ ರಿಪೇರಿ ವಿಭಾಗದಲ್ಲಿ, ಬಂದೂಕು ರಿಪೇರಿಯ ಆರ್ಮರರ್ ಆಗಿದ್ದೆ. ಆದರೆ ಟ್ರಿಗರ್ ಸುತ್ತಲಿನ ಹಿಡಿಕೆಯನ್ನು ಕೆಳಗೆ ಮೇಲೆ ಆಡಿಸಿ ಕಾಡತೂಸು ಏರಿಸುವ ಈ ಲಿವರ್ ರೈಫಲ್‌ನ ಹೊಟ್ಟೆ ಬಗೆದು ನೋಡಿದ್ದು ನಿವೃತ್ತಿಯಾದ ಮೇಲೆ, ಅಮೆರಿಕದಲ್ಲಿ, ಮಗಳ ಮನೆಯ ಗ್ಯಾರೇಜಿನಲ್ಲಿ. ಅಳಿಯಂದಿರು ಬಿಚ್ಚಿದರು, ನಾನು ಸ್ಟೂಲ್ ಮೇಲೆ ಕೂತು ಹೇಳಿಕೊಟ್ಟೆ. ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ರೈಫಲಿಗೆ ಪಿಸ್ತೂಲಿನ ಕಾಡತೂಸು ಯಾಕೆ ಅಂತ ಮೂಗು ಮುರಿಯುವವರಿದ್ದಾರೆ. ಹಳೇ ಕಾಲದ ಲೆಕ್ಕ ಸರಳವಾಗಿತ್ತು. ವಿಂಚೆಸ್ಟರ್ ಕಂಪನಿ ತನ್ನ 1873ರ ಲಿವರ್ ರೈಫಲನ್ನು .44-40 ಕಾಡತೂಸಿಗೆ ಮಾಡಿತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ಕಾಡತೂಸಿಗೆ ರಿವಾಲ್ವರ್ ತಂದಿತು. ಸೊಂಟದ ಪಟ್ಟಿಯಲ್ಲಿ ಒಂದೇ ಜಾತಿಯ ಕಾಡತೂಸು, ಎರಡಕ್ಕೂ ಆಯಿತು. .357 ಮ್ಯಾಗ್ನಮ್ ಕಾಡತೂಸು 1935ರದ್ದು, .44 ಮ್ಯಾಗ್ನಮ್ 1955ರದ್ದು. ಎರಡೂ ಹುಟ್ಟಿದ್ದು ರಿವಾಲ್ವರಿಗಾಗಿ. ಆದರೆ ರೈಫಲಿನ ಉದ್ದ ನಳಿಕೆಯಲ್ಲಿ ಮದ್ದಿನ ಹಬೆ ಗುಂಡನ್ನು ಹೆಚ್ಚು ಹೊತ್ತು ದೂಡುತ್ತದೆ. 158 ಗ್ರೇನ್, ಅಂದರೆ ಸುಮಾರು 10 ಗ್ರಾಂ ತೂಕದ .357 ಗುಂಡು ರಿವಾಲ್ವರಿನಿಂದ ಸೆಕೆಂಡಿಗೆ 375 ಮೀಟರ್ ಆಸುಪಾಸಿನಲ್ಲಿ ಹೊರಟರೆ, ರೈಫಲಿನಿಂದ 540ರ ಹತ್ತಿರ ಹೊರಡುತ್ತದೆ. ಇದು ಪುಕ್ಕಟೆ ಸಿಕ್ಕ ಲಾಭ.

ನಿಮಗೆ .357 ಸಾಕು. ಅದರಲ್ಲಿ .38 ಸ್ಪೆಷಲ್ ಕೂಡ ಹಾಕಬಹುದು. ಅದು ಅಗ್ಗ, ಸದ್ದು ಕಡಿಮೆ, ಹೆಗಲಿಗೆ ಗೊತ್ತೇ ಆಗುವುದಿಲ್ಲ. ಕೆಲವು ರೈಫಲುಗಳು ಮಾತ್ರ ಈ ಗಿಡ್ಡ ಕಾಡತೂಸನ್ನು ಮೇಲೆತ್ತುವಾಗ ತಡವರಿಸುತ್ತವೆ. ಹಾಗಾಗಿ ಕೊಳ್ಳುವ ಮುಂಚೆ ಮದ್ದಿಲ್ಲದ ಡಮ್ಮಿ ಕಾಡತೂಸು ಹಾಕಿ ಲಿವರ್ ಆಡಿಸಿ ನೋಡಿ, ನಿಧಾನಕ್ಕೆ ಒಮ್ಮೆ, ಜೋರಾಗಿ ಒಮ್ಮೆ. .44 ಬೇಕಾದದ್ದು ಹಂದಿ, ಜಿಂಕೆ ಬೇಟೆಗೆ ಹೋಗುವವರಿಗೆ. ಹಗುರ ರೈಫಲಿನಲ್ಲಿ ಅದು ಹೆಗಲಿಗೆ ಗುದ್ದುತ್ತದೆ. .45 ಕೋಲ್ಟ್ ಕೇಳುವವರಿಗೆ ಕೌಬಾಯ್ ಹುಚ್ಚು. ಆ ಕೌಬಾಯ್ ಕಾಲದಲ್ಲಿ .45 ಕೋಲ್ಟ್‌ಗೆ ಲಿವರ್ ರೈಫಲನ್ನೇ ಮಾಡುತ್ತಿರಲಿಲ್ಲ ಅಂದರೆ ಅವರಿಗೆ ಬೇಜಾರಾಗುತ್ತದೆ.

ಇನ್ನು ಯಾವ ರೈಫಲ್? ಬೆಲೆ ನನ್ನನ್ನು ಕೇಳಬೇಡಿ. ಖಾಲಿ ಕೇಸು, ಅಂದರೆ ಗುಂಡು ಹೋದ ಮೇಲೆ ಉಳಿಯುವ ಕಾಡತೂಸಿನ ಚಿಪ್ಪು, ಯಾವ ಕಡೆಯಿಂದ ಹೊರಗೆ ಹಾರುತ್ತದೆ ಅಂತ ಕೇಳಿ. ವಿಂಚೆಸ್ಟರ್ 1892 ಜಾನ್ ಬ್ರೌನಿಂಗ್ ಅವರ ಕೈಕೆಲಸ. ಬ್ರೆಜಿಲ್‌ನ ರೋಸಿ 92 ಅದರದೇ ನಕಲು. ಹಗುರ, ಚುರುಕು, ನನಗೆ ಬಹಳ ಇಷ್ಟ. ಆದರೆ ಕೇಸು ಮೇಲಿನಿಂದ ಹಾರುತ್ತದೆ. ಅಲ್ಲಿ ಸ್ಕೋಪ್ ಕೂರಿಸಿದರೆ ಕೇಸು ಸ್ಕೋಪಿಗೆ ಬಡಿದು ವಾಪಸ್ ಒಳಗೇ ಬೀಳಬಹುದು. ಮಾರ್ಲಿನ್ 1894ರಲ್ಲಿ ಕೇಸು ಬಲಗಡೆಯಿಂದ ಹೊರಗೆ ಬರುತ್ತದೆ. ತಲೆ ಚಪ್ಪಟೆ, ಮುಚ್ಚಿದೆ. ಸ್ಕೋಪ್ ಪಟ್ಟಿ ಕೂರಿಸಲು ಕಾರ್ಖಾನೆಯಲ್ಲೇ ತೂತು ಕೊರೆದು ಕೊಡುತ್ತಾರೆ. ಈ ಮಾರ್ಲಿನ್ ಹೆಸರನ್ನು 2020ರಲ್ಲಿ ರೂಗರ್ ಕಂಪನಿ ಕೊಂಡಿತು. ಹೆನ್ರಿ ರೈಫಲಿನಲ್ಲೂ ಕೇಸು ಪಕ್ಕದಿಂದಲೇ. ಹಿತ್ತಾಳೆ ಮೈಯದ್ದು ನೋಡಲು ನಮ್ಮ ದೇವರ ಮನೆಯ ಸಮೆ ದೀಪದ ಹಾಗೆ ಹೊಳೆಯುತ್ತದೆ, ತೂಕವೂ ಜಾಸ್ತಿ. ಸ್ಕೋಪ್ ಬೇಕೇ ಬೇಕು ಅಂದರೆ ಮಾರ್ಲಿನ್ ಅಥವಾ ಹೆನ್ರಿ. ಬೇಡ ಅಂದರೆ ರೋಸಿ. ಇಷ್ಟೇ.

ಈಗ ಆ 6-24ಕ್ಕೆ ಬರೋಣ. ನನ್ನ ಬಿಪಿ ಏರಿಸುವ ವಿಷಯ ಇದು.

ಪಟ್ಟು ಜಾಸ್ತಿಯಾದಷ್ಟು ಗುಂಡು ದೂರ ಹೋಗುತ್ತದೆ, ಗುರಿ ನೇರವಾಗುತ್ತದೆ ಅಂತ ಒಂದು ನಂಬಿಕೆ. ಓದಿದವರು, ಇಂಜಿನಿಯರುಗಳು, ಎಲ್ಲರಿಗೂ ಇದೆ. ಒಂದು ದಿನ ಪರ್ವತಿ ಬೆಟ್ಟ ಹತ್ತಿ ದುರ್ಬೀನು ಹಿಡಿದು ಸಿಂಹಗಡ ಕೋಟೆ ನೋಡಿ. ಗಡ ಹತ್ತಿರ ಬಂದ ಹಾಗೆ ಕಾಣುತ್ತದೆ. ಇಳಿದು ಬಂದು ರಿಕ್ಷಾದವನಿಗೆ "ಗಡ ಹತ್ತಿರ ಬಂದಿದೆ, ಬಾಡಿಗೆ ಕಡಿಮೆ ಮಾಡು" ಅನ್ನಿ. ಅವನು ಏನು ಹೇಳುತ್ತಾನೋ, ನಿಮ್ಮ ಗುಂಡೂ ಅದನ್ನೇ ಹೇಳುತ್ತದೆ. ಸ್ಕೋಪಿನಲ್ಲಿ ಹತ್ತಿರ ಬರುವುದು ನಿಮ್ಮ ಕಣ್ಣಿಗೆ. ಗುಂಡು ನಡೆಯಬೇಕಾದ ದೂರ ಒಂದಿಂಚೂ ಕಡಿಮೆಯಾಗುವುದಿಲ್ಲ.

ಲೆಕ್ಕ ನೋಡಿ. .357 ರೈಫಲನ್ನು 100 ಮೀಟರಿಗೆ ಜೀರೋ ಮಾಡಿದಿರಿ ಅನ್ನೋಣ. ಅಂದರೆ 100 ಮೀಟರಿನಲ್ಲಿ ಸ್ಕೋಪಿನೊಳಗಿನ ಕೂಡುಗೆರೆ ಎಲ್ಲಿದೆಯೋ ಗುಂಡು ಅಲ್ಲೇ ಬೀಳುತ್ತದೆ. 200 ಮೀಟರಿಗೆ ಅದೇ ಗುಂಡು ಸುಮಾರು ಒಂದೂವರೆ ಅಡಿ ಕೆಳಗೆ. ನೀವು ಕೇಳಿದ 300ಕ್ಕೆ ಹೆಚ್ಚು ಕಡಿಮೆ ಒಂದಾಳು ಎತ್ತರ ಕೆಳಗೆ. ಯಾಕೆಂದರೆ ಈ ಗುಂಡು ಮೊಂಡು ಮೂಗಿನದು. ರೈಫಲಿನ ಚೂಪು ಗುಂಡಿನ ಹಾಗೆ ಗಾಳಿ ಸೀಳುವುದಿಲ್ಲ, ಬೇಗ ಸುಸ್ತಾಗುತ್ತದೆ. ಮೊಂಡು ಇರುವುದಕ್ಕೂ ಕಾರಣ ಇದೆ. ನಳಿಕೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸುಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ಹಿಂದಿನದರ ಮೂಗು ಮುಂದಿನದರ ಕ್ಯಾಪಿಗೆ, ಅಂದರೆ ಬುಡದಲ್ಲಿರುವ, ಬಡಿದರೆ ಮದ್ದಿಗೆ ಕಿಡಿ ಕೊಡುವ ಬಿಲ್ಲೆಗೆ, ತಾಗಿರುತ್ತದೆ. ಅಲ್ಲಿ ಗಟ್ಟಿ ಚೂಪು ಮೂಗು ಇದ್ದು, ರೈಫಲ್ ಒದ್ದಾಗ ಕ್ಯಾಪ್ ಚುಚ್ಚಿಕೊಂಡರೆ ಕೊಳವೆಯೇ ಸಿಡಿಯುತ್ತದೆ. ಅಂದರೆ ಈ ರೈಫಲ್ ಹುಟ್ಟಿನಿಂದಲೇ 100 ಮೀಟರಿನ ಒಳಗಿನ ಪ್ರಾಣಿ. ತಿಣುಕಾಡಿದರೆ 150. ಅದಕ್ಕೆ 24 ಪಟ್ಟಿನ ಗಾಜು ಹಾಕಿದರೆ ಸಿಗುವುದು ತಪ್ಪಿದ ಗುಂಡನ್ನು ದೊಡ್ಡದಾಗಿ ನೋಡುವ ಭಾಗ್ಯ.

ಇನ್ನೂ ಇದೆ. ಸ್ಕೋಪ್ ನಿಮ್ಮ ಕೈಯ ನಡುಕವನ್ನೂ 24 ಪಟ್ಟು ಮಾಡಿ ತೋರಿಸುತ್ತದೆ. ಗೆರೆ ಕುಣಿಯುವುದು ಕಂಡ ಕೂಡಲೇ ಹುಡುಗರು ಗಾಬರಿಯಾಗಿ ಟ್ರಿಗರ್ ಜಗ್ಗುತ್ತಾರೆ. ಗುಂಡು ಎಲ್ಲೋ ಹೋಗುತ್ತದೆ. ಸೈನ್ಯದಲ್ಲಿ ಬರಿಯ ಬ್ಯಾಕ್‌ಸೈಟ್, ಫೋರ್‌ಸೈಟ್, ಅಂದರೆ ರೈಫಲಿನ ಮೇಲಿನ ಹಿಂದಿನ ಮತ್ತು ಮುಂದಿನ ಗುರಿ ಗುರುತು, ಇಟ್ಟುಕೊಂಡು ಚೆನ್ನಾಗಿ ಹೊಡೆಯುತ್ತಿದ್ದವರ ಕೈಗೆ ಸ್ಕೋಪ್ ಕೊಟ್ಟಾಗ ಹಾಳೆಯ ಮೇಲೆ ಅವರ ಗುಂಡಿನ ತೂತುಗಳು ಹರಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. 24ರಲ್ಲಿ ಇಟ್ಟರೆ 100 ಮೀಟರಿನಲ್ಲಿ ಕಾಣುವ ಜಾಗ ಒಂದೂವರೆ ಮೀಟರ್ ಅಗಲ. 25 ಮೀಟರಿಗೆ ಬಂದರೆ ಒಂದೂವರೆ ಗೇಣಿಗಿಂತ ಚೂರು ಜಾಸ್ತಿ. ಹಂದಿ ಪೊದೆಯಿಂದ ಹೊರಬಿದ್ದರೆ ನಿಮಗೆ ಕಾಣುವುದು ಕಪ್ಪು ಕೂದಲು. ಅದು ಹಂದಿಯ ಯಾವ ಕಡೆ ಅಂತ ನೀವೇ ಊಹಿಸಬೇಕು. ತೂಕ ಬೇರೆ. ರೋಸಿಯಂಥ ರೈಫಲ್ ಎರಡೂವರೆ ಕಿಲೋ. ಹಿಡಿದಿಡುವ ರಿಂಗ್ ಸೇರಿ ಈ ಸ್ಕೋಪ್ ಮುಕ್ಕಾಲು ಕಿಲೋ, ಅದೂ ತಲೆಯ ಮೇಲೆ. ಒಂದೇ ಕೈಯಲ್ಲಿ ನಡುವಿಗೆ ಹಿಡಿದು ನಡೆಯುವ ಸುಖಕ್ಕೇ ಅಲ್ವಾ ಲಿವರ್ ರೈಫಲ್ ತಗೊಳ್ಳುವುದು?

ಹಾಗಾದರೆ ಸ್ಕೋಪ್ ಬೇಡವೇ ಬೇಡವಾ? ಹಾಗಂದಿಲ್ಲ. ನಲವತ್ತು ದಾಟಿದವರಿಗೆ ಬ್ಯಾಕ್‌ಸೈಟ್, ಫೋರ್‌ಸೈಟ್, ಗುರಿ ಮೂರೂ ಒಟ್ಟಿಗೆ ಸ್ಪಷ್ಟ ಕಾಣುವುದಿಲ್ಲ. ಸ್ಕೋಪಿನಲ್ಲಿ ಗೆರೆ ಮತ್ತು ಗುರಿ ಒಂದೇ ಕಡೆ ಕಾಣುತ್ತವೆ. ಅದರ ನಿಜವಾದ ಉಪಕಾರ ಅದು. ಅದಕ್ಕೆ 1-4 ಪಟ್ಟಿನ ಸಣ್ಣ ಸ್ಕೋಪ್ ಸಾಕು. ಅದರ ಮುಂದಿನ ಗಾಜು ಚಿಕ್ಕದು, ತಗ್ಗಾಗಿ ಕೂರುತ್ತದೆ. ಇದು ಮುಖ್ಯ. ಲಿವರ್ ರೈಫಲಿನ ಬಟ್, ಅಂದರೆ ಹೆಗಲಿಗೆ ಒತ್ತುವ ಹಿಂಭಾಗ, ಬರಿಯ ಸೈಟಿಗಾಗಿ ಇಳಿಜಾರು ಮಾಡಿದ್ದು. 50 ಮಿಲಿಮೀಟರ್ ಗಾಜಿನ ಸ್ಕೋಪನ್ನು ಎತ್ತರದ ರಿಂಗಿನಲ್ಲಿ ಹಾಕಿದರೆ ಕೆನ್ನೆ ಬಟ್ಟಿಗೆ ತಾಗುವುದೇ ಇಲ್ಲ. ಕೋಳಿಯ ಹಾಗೆ ಕತ್ತು ಎತ್ತಿ ನೋಡಬೇಕು. ಪ್ರತಿ ಸಲ ಕತ್ತು ಒಂದೊಂದು ಕಡೆ.

ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಸೈಟ್ ಕೂಡ ಒಳ್ಳೆಯದು. ಹಗುರ, ಎರಡೂ ಕಣ್ಣು ತೆರೆದು ಹೊಡೆಯಬಹುದು. ಆದರೆ ಅಸ್ಟಿಗ್ಮ್ಯಾಟಿಸಮ್, ಅಂದರೆ ಕಣ್ಣಿನ ಬಾಗು ಸಮ ಇಲ್ಲದ ದೋಷ, ಇರುವವರಿಗೆ ಚುಕ್ಕೆ ಒಡೆದ ದ್ರಾಕ್ಷಿಯ ಹಾಗೆ ಕಾಣುತ್ತದೆ. ಡಬ್ಬಿ ವಾಪಸ್ ಕಳಿಸುವ ಮುಂಚೆ ಮೊಬೈಲ್ ಕ್ಯಾಮರಾದಿಂದ ಅದರೊಳಗೆ ನೋಡಿ. ಕ್ಯಾಮರಾದಲ್ಲಿ ಚುಕ್ಕೆ ದುಂಡಗಿದ್ದರೆ ತೊಂದರೆ ಕಣ್ಣಿನದು. ರೋಸಿ ತಗೊಂಡವರು ಸ್ಕೋಪನ್ನು ನಳಿಕೆಯ ಮೇಲೆ ಮುಂದಕ್ಕೆ ಕೂರಿಸಬಹುದು, ಆಗ ಕೇಸು ಹಾರಲು ದಾರಿ ಇರುತ್ತದೆ. ಅದಕ್ಕೆ ಕಣ್ಣಿನಿಂದ ದೂರವಿಟ್ಟು ನೋಡುವ ಬೇರೆ ಜಾತಿಯ ಸ್ಕೋಪೇ ಬೇಕು. ನನ್ನ ಆಯ್ಕೆ ಕೇಳಿದರೆ, ಹಿಂದೆ ಸಣ್ಣ ತೂತಿನ ಪೀಪ್ ಸೈಟ್. ಬ್ಯಾಟರಿ ಇಲ್ಲ, ಗಾಜಿಲ್ಲ. ಯಾರೂ ಕೇಳುವುದಿಲ್ಲ ಬಿಡಿ.

ಕೂರಿಸುವಾಗ ಹ್ಯಾಮರ್, ಅಂದರೆ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ, ಕ್ಯಾಪಿಗೆ ಬಡಿಯುವ ಸುತ್ತಿಗೆ, ಮರೆಯಬೇಡಿ. ಸ್ಕೋಪಿನ ಹಿಂಭಾಗ ಹ್ಯಾಮರ್ ಮೇಲೆ ಚಾಚಿಕೊಂಡು ಹೆಬ್ಬೆರಳಿಗೆ ಜಾಗ ಇರುವುದಿಲ್ಲ. ಒಳಗೆ ಕಾಡತೂಸು ಇರುವಾಗ ಹ್ಯಾಮರ್ ಇಳಿಸಲು ಹೋಗಿ ಬೆರಳು ಜಾರಿದರೆ ಗುಂಡು ಹಾರಿಬಿಡಬಹುದು. ಪಕ್ಕಕ್ಕೆ ಚಾಚುವ ಸಣ್ಣ ಹ್ಯಾಮರ್ ಕೊಂಬು ಸಿಗುತ್ತದೆ, ಹಾಕಿಸಿಕೊಳ್ಳಿ. ಸ್ಕ್ರೂಗಳ ಎಣ್ಣೆ ಒರೆಸಿ, ಬಿಚ್ಚಲು ಬರುವ ನೀಲಿ ಅಂಟು ಒಂದು ಹನಿ ಹಾಕಿ. ಬಿಗಿಯ ಅಳತೆ ತೋರಿಸುವ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿ. ನಮ್ಮ ಅಳಿಯಂದಿರು ತೋಳಿನ ಬಲ ತೋರಿಸಲು ಹೋಗಿ ಮೊದಲ ದಿನವೇ ಒಂದು ಸ್ಕ್ರೂ ತಲೆ ಕೆಡಿಸಿದರು. ಮಾರ್ಲಿನ್‌ನಲ್ಲಿ ಲಿವರಿನ ಸ್ಕ್ರೂ ತೆಗೆದರೆ ಲಿವರ್, ಮತ್ತು ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟ್ ಹೊರಗೆ ಬರುತ್ತವೆ. ಹಿಂದಿನಿಂದ ನಳಿಕೆಯೊಳಗೆ ಇಣುಕಿ, ನಳಿಕೆ ಮತ್ತು ಸ್ಕೋಪ್ ಎರಡೂ ಒಂದೇ ಕಡೆ ನೋಡುವ ಹಾಗೆ ಮಾಡಿಕೊಳ್ಳಬಹುದು. ಉಳಿದವರು 25 ಮೀಟರಿನಲ್ಲಿ ದೊಡ್ಡ ಹಾಳೆ ಇಟ್ಟು ಶುರು ಮಾಡಿ, ಆಮೇಲೆ ದೂರ ಹೋಗಿ.

ಈಗ ನಾನು ಯಾಕೆ ಮುಟ್ಟಲಿಲ್ಲ ಅನ್ನುವುದು. ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ನಾನು ಅಲ್ಲಿ ಇದ್ದದ್ದು ವಿಸಿಟರ್ ವೀಸಾದಲ್ಲಿ. ಅಂಥ ತಾತ್ಕಾಲಿಕ ವೀಸಾದವರು ಬಂದೂಕಾಗಲಿ ಕಾಡತೂಸಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎಚ್-1ಬಿ ಕೂಡ ಅದೇ ಸಾಲಿನಲ್ಲಿ ಬರುತ್ತದೆ! ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಒಂದೆರಡು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಏಳು ಜನರಲ್ಲಿ ಒಬ್ಬನೂ ತನ್ನ ವೀಸಾ ಯಾವುದು ಅಂತ ಹೇಳಲಿಲ್ಲ. ಸ್ಕೋಪಿನ ಪಟ್ಟು ಮಾತ್ರ ಎಲ್ಲರೂ ಹೇಳಿದರು. ಮೊದಲು ಅಲ್ಲಿಯ ವಕೀಲರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ. ಆ ಗ್ಯಾರೇಜಿನಲ್ಲಿ ಕೈ ಎಷ್ಟು ಕಡಿಯುತ್ತಿತ್ತು ಅಂತ ನನಗೇ ಗೊತ್ತು. 24 ವರ್ಷ ಅದೇ ಕೆಲಸ ಮಾಡಿದವನು ಕೈ ಕಟ್ಟಿ ಸ್ಟೂಲ್ ಮೇಲೆ ಕೂತಿದ್ದೆ.

ಇನ್ನೊಂದು. ರೇಂಜಿಗೆ ಒಯ್ಯುವ ಬ್ಯಾಗು ಬೇರೆ ಇರಲಿ, ಊರಿಗೆ ತರುವ ಬ್ಯಾಗು ಬೇರೆ ಇರಲಿ. ಜೇಬಿನ ಮೂಲೆಯಲ್ಲಿ ಒಂದೇ ಒಂದು ಕಾಡತೂಸು ಉಳಿದು ಲೋಹಗಾಂವ್ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಸಾಕು. ಲೈಸೆನ್ಸ್ ಇಲ್ಲದೆ ಕಾಡತೂಸು ಇಟ್ಟುಕೊಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು. ಗೊತ್ತಿಲ್ಲದೆ ಉಳಿದದ್ದು ಅಂತ ಕೋರ್ಟಿಗೆ ಹೋಗಿ ಬಿಡಿಸಿಕೊಂಡವರಿದ್ದಾರೆ. ಅಷ್ಟರಲ್ಲಿ ವಿಮಾನವೂ ಹೋಗಿರುತ್ತದೆ, ರಜೆಯೂ ಮುಗಿದಿರುತ್ತದೆ.

ಹೋದ ದೀಪಾವಳಿಗೆ ಮಗಳು ಅಳಿಯ ಬರುವವರಿದ್ದರು. ಹೊರಡುವ ಹಿಂದಿನ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅವರ ಎಲ್ಲ ಬ್ಯಾಗುಗಳನ್ನೂ ಮಂಚದ ಮೇಲೆ ತಲೆಕೆಳಗೆ ಮಾಡಿಸಿ ಕೊಡವಿಸಿದೆ. "ಮಾವ, ಇದೂ ಬೇಕಾ?" ಅಂತ ಅಳಿಯಂದಿರು ಮಗುವಿನ ಡೈಪರ್ ಬ್ಯಾಗು ಎತ್ತಿ ತೋರಿಸಿದರು. ಬೇಕು ಅಂದೆ. ಶೇಂಗಾ ಸಿಪ್ಪೆ, ಎರಡು ಪೆನ್ನು, ಕಳೆದುಹೋಗಿದೆ ಅಂತ ಮಗಳು ಹುಡುಕುತ್ತಿದ್ದ ಕಿವಿಯೋಲೆ ಬಿದ್ದವು.