ಗೆಸ್ಟ್ ಬಿಟ್ಟ ಮೆಮೊರಿ ಹೋಸ್ಟ್‌ಗೆ ಯಾಕೆ ವಾಪಸ್ ಬರಲ್ಲ? ಐವತ್ತು ವರ್ಷದ ಹಿನ್ನೆಲೆ

ಒಂದು ವರ್ಚುವಲ್ ಮಷೀನ್‌ಗೆ (ವಿಎಂ, ಅಂದರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) 8 ಜಿಬಿ ಮೆಮೊರಿ ಕೊಟ್ಟಿದ್ದೀರಿ ಅಂದುಕೊಳ್ಳಿ. ಅದರೊಳಗೆ ಓಡುವ ಓಎಸ್ ಗೆಸ್ಟ್, ಅದನ್ನು ಹೊತ್ತಿರುವ ನಿಜವಾದ ಕಂಪ್ಯೂಟರ್ ಹೋಸ್ಟ್. ಒಳಗೆ ಯಾವುದೋ ದೊಡ್ಡ ಬಿಲ್ಡ್ ಓಡಿತು, 7 ಜಿಬಿ ಬಳಸಿತು, ಮುಗಿಯಿತು. ಈಗ ಒಳಗಿಂದ ನೋಡಿದರೆ 6 ಜಿಬಿ ಖಾಲಿ. ಹೊರಗಿಂದ, ಅಂದರೆ ಹೋಸ್ಟ್‌ನಲ್ಲಿ ನೋಡಿದರೆ ಅದೇ ವಿಎಂ ಇನ್ನೂ 7 ಜಿಬಿ ಹಿಡಿದುಕೊಂಡೇ ಇದೆ. ಎಷ್ಟು ಹೊತ್ತು ಕಾದರೂ ಅಷ್ಟೇ. ಇದು ಬಗ್ ಅಲ್ಲ, ಮೆಮೊರಿ ಲೀಕ್ ಕೂಡ ಅಲ್ಲ.

ಗೆಸ್ಟ್ ಒಂದು ಪೇಜನ್ನು (ಮೆಮೊರಿಯ ಒಂದು ಚಿಕ್ಕ ತುಂಡು) ಮೊದಲ ಸಲ ಮುಟ್ಟಿದಾಗ ಫಾಲ್ಟ್ ಆಗುತ್ತದೆ, ಅಂದರೆ ಅಲ್ಲಿ ಇನ್ನೂ ಏನೂ ಇಲ್ಲ ಅಂತ ಪ್ರೊಸೆಸರ್ ತಡೆಯುತ್ತದೆ. ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್ ಆದ ಹೈಪರ್‌ವೈಸರ್‌ಗೆ ಗೊತ್ತಾಗುತ್ತದೆ, ಅದು ನಿಜವಾದ ರ‍್ಯಾಮ್ ತಂದು ಆ ಜಾಗಕ್ಕೆ ಜೋಡಿಸುತ್ತದೆ. ಬಿಡುವಾಗ ಮಾತ್ರ ಇಂಥದ್ದೇನೂ ನಡೆಯುವುದಿಲ್ಲ. ಗೆಸ್ಟ್ ಕರ್ನಲ್ (ಓಎಸ್‌ನ ತಿರುಳು) ಆ ಪೇಜನ್ನು ತನ್ನ ಫ್ರೀ ಲಿಸ್ಟ್‌ಗೆ, ಅಂದರೆ ಖಾಲಿ ಪೇಜ್‌ಗಳ ಪಟ್ಟಿಗೆ, ಸೇರಿಸಿಕೊಳ್ಳುತ್ತದೆ, ಅಷ್ಟೇ. ಆಪರೇಟಿಂಗ್ ಸಿಸ್ಟಮ್‌ಗಳನ್ನು ಬರೆದಿದ್ದು ನಿಜವಾದ ಯಂತ್ರಕ್ಕಾಗಿ, ಮತ್ತು ನಿಜವಾದ ರ‍್ಯಾಮ್‌ಗೆ "ಈ ಜಾಗ ನನಗೆ ಬೇಡ" ಅಂತ ಯಾರೂ ಹೇಳಬೇಕಾಗಿಲ್ಲ. ಹಾಗಾಗಿ ಅವುಗಳಲ್ಲಿ ಹೇಳುವ ದಾರಿಯೇ ಇರಲಿಲ್ಲ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಐಬಿಎಂ 1972ರಲ್ಲಿ ಪ್ರಕಟಿಸಿದ ವಿಎಂ/370 ಅನ್ನೋ ಹೈಪರ್‌ವೈಸರ್‌ನ ಕಾಲದಲ್ಲೇ ಈ ದಾರಿ ಇತ್ತು. ಡಯಾಗ್ನೋಸ್ ಅನ್ನೋ ಒಂದು ಇನ್‌ಸ್ಟ್ರಕ್ಷನ್, ಅದರಲ್ಲಿ 10 ಅನ್ನೋ ಕೋಡ್. ಗೆಸ್ಟ್ ಅದನ್ನು ಕರೆದು "ಈ ಪೇಜ್‌ಗಳನ್ನು ಬಿಡುಗಡೆ ಮಾಡು" ಅಂತ ಹೈಪರ್‌ವೈಸರ್‌ಗೆ ಹೇಳಬಹುದಿತ್ತು. ವಿಎಂ ಒಳಗೇ ಓಡಲಿ ಅಂತ ಬೆಳೆಸಿದ ಸಿಎಂಎಸ್ ಅನ್ನೋ ಓಎಸ್ ಇದನ್ನು ಬಳಸಿಕೊಂಡಿತು. ತಾನು ವಿಎಂ ಒಳಗಿದ್ದೇನೆ ಅಂತ ತಿಳಿದಿರುವ ಓಎಸ್‌ಗೆ ಇದು ದೊಡ್ಡ ಕೆಲಸವೇ ಅಲ್ಲ. ತೊಂದರೆ ಶುರುವಾಗಿದ್ದು, ಅದು ಗೊತ್ತಿಲ್ಲದ ಓಎಸ್‌ಗಳನ್ನು ಎಕ್ಸ್86 (ಸಾಮಾನ್ಯ ಪಿಸಿ, ಸರ್ವರ್‌ಗಳ ಪ್ರೊಸೆಸರ್) ಮೇಲೆ ವಿಎಂ ಒಳಗೆ ಹಾಕಿದಾಗ.

ವಿಎಂವೇರ್‌ನ ಹೈಪರ್‌ವೈಸರ್ ಇಎಸ್‌ಎಕ್ಸ್ ಸರ್ವರ್ ಬಂದ ಕಾಲಕ್ಕೆ ಗೆಸ್ಟ್ ಅಂದರೆ ಹೆಚ್ಚಾಗಿ ವಿಂಡೋಸ್. ಅದರ ಸೋರ್ಸ್ ಮುಟ್ಟುವ ಹಾಗಿಲ್ಲ. ಮೆಮೊರಿ ಸಾಲದಿದ್ದರೆ ಹೈಪರ್‌ವೈಸರ್ ಯಾವುದೋ ಒಂದು ಪೇಜನ್ನು ತಾನೇ ಆರಿಸಿ ಡಿಸ್ಕ್‌ಗೆ ಹಾಕಬೇಕಿತ್ತು. ಯಾವ ಪೇಜ್ ಮುಖ್ಯ, ಯಾವುದು ಕಸ ಅನ್ನೋದು ಅದಕ್ಕೆ ಗೊತ್ತಿಲ್ಲ. ಇದರಲ್ಲಿ ಒಂದು ಕೆಟ್ಟ ಸನ್ನಿವೇಶ ಇದೆ: ಹೈಪರ್‌ವೈಸರ್ ಒಂದು ಪೇಜನ್ನು ಸ್ವಾಪ್ ಮಾಡಿ ಮುಗಿಸಿದ ಮೇಲೆ ಗೆಸ್ಟ್‌ಗೂ ಮೆಮೊರಿ ಕಡಿಮೆ ಅನ್ನಿಸಿ, ಅದೂ ಅದೇ ಹಳೇ ಪೇಜನ್ನೇ ಸ್ವಾಪ್ ಮಾಡಲು ಹೊರಡುತ್ತದೆ, ಆಗ ಆ ಪೇಜ್ ಡಿಸ್ಕ್‌ನಿಂದ ವಾಪಸ್ ರ‍್ಯಾಮ್‌ಗೆ ಬಂದು ತಕ್ಷಣ ಇನ್ನೊಂದು ಡಿಸ್ಕ್ ಜಾಗಕ್ಕೆ ಹೋಗುತ್ತದೆ. ಡಬಲ್ ಪೇಜಿಂಗ್ ಅನ್ನೋದು ಇದಕ್ಕೇ. ಯಾರಿಗೂ ಉಪಯೋಗ ಇಲ್ಲದ ಎರಡು ಡಿಸ್ಕ್ ಕೆಲಸ.

ಇದಕ್ಕೆ ಪರಿಹಾರವನ್ನು ಕಾರ್ಲ್ ವಾಲ್ಡ್‌ಸ್ಪರ್ಜರ್ 2002ರ ಓಎಸ್‌ಡಿಐ ಸಮ್ಮೇಳನದಲ್ಲಿ ವಿವರಿಸಿದರು. ಅದೇ ಬಲೂನ್. ಗೆಸ್ಟ್ ಒಳಗೆ ಒಂದು ಚಿಕ್ಕ ಡ್ರೈವರ್. ಹೈಪರ್‌ವೈಸರ್ ಹೇಳಿದಷ್ಟು ಮೆಮೊರಿಯನ್ನು ಅದು ಗೆಸ್ಟ್ ಕರ್ನಲ್‌ನಿಂದಲೇ ಕೇಳಿ ಪಡೆಯುತ್ತದೆ, ಪಡೆದ ಪೇಜ್‌ಗಳ ನಂಬರ್ ಹೊರಗೆ ಹೇಳುತ್ತದೆ, ಹೋಸ್ಟ್ ಆ ರ‍್ಯಾಮ್ ಅನ್ನು ಬೇರೆಯವರಿಗೆ ಕೊಡುತ್ತದೆ. ಯಾವುದನ್ನು ಬಿಡಬೇಕು ಅನ್ನೋ ನಿರ್ಧಾರ ಗೆಸ್ಟ್ ಕೈಯಲ್ಲೇ ಉಳಿಯಿತು, ಅದೂ ಕರ್ನಲ್‌ನ ಒಂದು ಸಾಲನ್ನೂ ಬದಲಿಸದೆ! ಅದೇ ಪ್ರಬಂಧದ ಅಳತೆಯಲ್ಲಿ, ಬಲೂನ್‌ನಿಂದ ಕುಗ್ಗಿಸಿದ ಲಿನಕ್ಸ್ ವಿಎಂ, ಅಷ್ಟೇ ಗಾತ್ರದಲ್ಲಿ ಬೂಟ್ ಆದ ವಿಎಂಗಿಂತ ನಿಧಾನವಾಗಿದ್ದು 1.4ರಿಂದ 4.4 ಶೇಕಡಾ ಮಾತ್ರ. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಯೋಚನೆ ಇದೇ.

ಮುಂದೆ ಕ್ಸೆನ್ ಅನ್ನೋ ಹೈಪರ್‌ವೈಸರ್‌ನಲ್ಲೂ ಬಲೂನ್ ಬಂತು, ರಸ್ಟಿ ರಸೆಲ್ ಬರೆದ ವರ್ಟ್‌ಐಓ (ಗೆಸ್ಟ್ ಮತ್ತು ಹೈಪರ್‌ವೈಸರ್ ಮಾತಾಡಿಕೊಳ್ಳುವ ಸಾಮಾನ್ಯ ಮಾನದಂಡ) ಬಲೂನ್ 2008ರಲ್ಲಿ ಲಿನಕ್ಸ್‌ಗೆ ಸೇರಿತು. ಆದರೆ ಬಲೂನ್‌ಗೆ ಒಂದು ಮೂಲ ಕೊರತೆ ಇದೆ. ಎಷ್ಟು ಊದಬೇಕು ಅಂತ ಹೊರಗಿನವರೇ ಹೇಳಬೇಕು, ಮತ್ತು ಹೊರಗಿನವರಿಗೆ ಒಳಗಿನ ಸ್ಥಿತಿ ಸರಿಯಾಗಿ ಗೊತ್ತಿರುವುದಿಲ್ಲ. ಜಾಸ್ತಿ ಊದಿದ ಹೊತ್ತಿಗೇ ಒಳಗಿನ ಡೇಟಾಬೇಸ್‌ಗೆ ದಿಢೀರ್ ಮೆಮೊರಿ ಬೇಕಾಯಿತು ಅಂದರೆ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ಕರ್ನಲ್ ಭಾಗ) ಬಂದು ಅದನ್ನೇ ಮುಗಿಸಿಬಿಡಬಹುದು. ಕಡಿಮೆ ಊದಿದರೆ ಉಪಯೋಗ ಇಲ್ಲ. ಜೊತೆಗೆ ವರ್ಟ್‌ಐಓ ಬಲೂನ್ ಲೆಕ್ಕ ಇಡುವುದು 4 ಕೆಬಿ ಪೇಜ್‌ಗಳಲ್ಲಿ, ಹೋಸ್ಟ್ ವೇಗಕ್ಕಾಗಿ ಜೋಡಿಸಿದ 2 ಎಂಬಿ ದೊಡ್ಡ ಪೇಜ್‌ಗಳು ಇದರಿಂದ ಚೂರುಚೂರಾಗುತ್ತವೆ.

ಈ ನಡುವೆ ಒಂದೇ ರೀತಿಯ ಪೇಜ್‌ಗಳನ್ನು ಹುಡುಕಿ ಒಂದಾಗಿಸುವ ದಾರಿಯೂ ಬಂತು. ಲಿನಕ್ಸ್‌ನಲ್ಲಿ ಕೆಎಸ್‌ಎಂ, 2009ರ 2.6.32 ಆವೃತ್ತಿಯಲ್ಲಿ. ವಿಂಡೋಸ್ ತಾನು ಬಿಟ್ಟ ಪೇಜ್‌ಗಳನ್ನು ಹಿನ್ನೆಲೆಯಲ್ಲಿ ಸೊನ್ನೆ ಬರೆದು ಇಡುತ್ತದೆ. ಹಾಗಾಗಿ ಅದರ ಖಾಲಿ ಮೆಮೊರಿಯೆಲ್ಲ ಒಂದೇ ಸೊನ್ನೆ ಪೇಜ್ ಆಗಿ ಹೋಸ್ಟ್‌ಗೆ ವಾಪಸ್ ಸಿಗುತ್ತಿತ್ತು, ಯಾರೂ ಕೇಳದೆಯೇ. ಲಿನಕ್ಸ್ ಗೆಸ್ಟ್‌ಗಳು ಬಿಟ್ಟ ಪೇಜ್‌ನಲ್ಲಿ ಹಳೇ ಡೇಟಾ ಹಾಗೇ ಇರುತ್ತಿದ್ದರಿಂದ ಅವಕ್ಕೆ ಈ ಲಾಭ ಇರಲಿಲ್ಲ. ಆಮೇಲೆ ಪೇಜ್ ಹಂಚಿಕೆಯಿಂದ ಪಕ್ಕದ ವಿಎಂನ ಗುಟ್ಟು ಸೋರಬಹುದು ಅಂತ ಸಂಶೋಧಕರು ತೋರಿಸಿದರು. 2014ರಲ್ಲಿ ವಿಎಂವೇರ್, ವಿಎಂಗಳ ನಡುವಿನ ಹಂಚಿಕೆಯನ್ನು ಡೀಫಾಲ್ಟ್ ಆಗಿ ಆಫ್ ಮಾಡಲು ನಿರ್ಧರಿಸಿತು.

ಸಮಸ್ಯೆಯ ಬುಡಕ್ಕೆ ಕೈ ಹಾಕಿದವರು ಮತ್ತೆ ಐಬಿಎಂನವರೇ. 2006ರಲ್ಲಿ ಮಾರ್ಟಿನ್ ಶ್ವಿಡೆಫ್‌ಸ್ಕಿ ಮತ್ತು ಜೊತೆಗಾರರು ಸಿಎಂಎಂ2 ಅನ್ನೋ ವ್ಯವಸ್ಥೆಯನ್ನು ಲಿನಕ್ಸ್ ಕರ್ನಲ್‌ಗಾಗಿ ಮುಂದಿಟ್ಟರು. ಗೆಸ್ಟ್ ಪ್ರತಿ ಪೇಜ್‌ಗೂ ಒಂದು ಸ್ಥಿತಿ ಹೇಳುತ್ತದೆ: ಇದು ಬೇಕೇ ಬೇಕು, ಇದು ಖಾಲಿ, ಇದು ಕಳೆದುಹೋದರೂ ಡಿಸ್ಕ್‌ನಿಂದ ಮತ್ತೆ ಓದಿಕೊಳ್ಳಬಹುದು. ಈ ಮೂರನೆಯದೇ ಬಹಳ ಮುಖ್ಯವಾದದ್ದು, ಯಾಕೆಂದರೆ ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ನೆ ಬಿಡುವುದಿಲ್ಲ, ಓದಿದ ಫೈಲ್‌ಗಳನ್ನೆಲ್ಲ ಪೇಜ್ ಕ್ಯಾಶ್‌ನಲ್ಲಿ ತುಂಬಿಸಿಕೊಳ್ಳುತ್ತಾ ಹೋಗುತ್ತದೆ. ಆದರೆ ಪೇಜ್ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಅಂದರೆ ಮೆಮೊರಿ ಕೋಡ್‌ನ ಮೂಲೆಮೂಲೆಯಲ್ಲೂ ಅದನ್ನು ನಿಭಾಯಿಸಬೇಕು. ಅಷ್ಟು ಜಟಿಲತೆಯನ್ನು ಕರ್ನಲ್ ಒಪ್ಪಲಿಲ್ಲ. "ಬೇಕು, ಖಾಲಿ" ಅನ್ನೋ ಎರಡು ಸ್ಥಿತಿಗಳ ಸರಳ ಭಾಗ ಮಾತ್ರ ಐಬಿಎಂ ಮೇನ್‌ಫ್ರೇಮ್‌ನ ಎಸ್390 ಕೋಡ್‌ಗೆ ಸೇರಿತು. ಒರಾಕಲ್‌ನ ಡಾನ್ ಮ್ಯಾಗೆನ್‌ಹೈಮರ್ 2009ರಲ್ಲಿ ತಂದ ಟಿಮೆಮ್ ಯೋಜನೆಯೂ ಇದೇ ಕ್ಯಾಶ್ ಸಮಸ್ಯೆಗೆ ಇನ್ನೊಂದು ಉತ್ತರ. ಅದರ ಕ್ಲೀನ್‌ಕ್ಯಾಶ್ ಭಾಗ 2011ರಲ್ಲಿ ಕರ್ನಲ್ ಸೇರಿತು, 2022ರಲ್ಲಿ ಬಳಸುವವರಿಲ್ಲದೆ ಹೊರಬಿತ್ತು.

ಎಕ್ಸ್86 ಲೋಕಕ್ಕೆ "ಖಾಲಿ" ಅಂತ ಹೇಳುವ ದಾರಿ ಬರಲು ಇನ್ನೂ ಹತ್ತು ವರ್ಷದ ಮೇಲೆ ಬೇಕಾಯಿತು. ಮೊದಲು 2018ರ ಲಿನಕ್ಸ್ 4.19ರಲ್ಲಿ ಇಂಟೆಲ್‌ನವರ ಫ್ರೀ ಪೇಜ್ ಹಿಂಟಿಂಗ್. ಇದು ಲೈವ್ ಮೈಗ್ರೇಷನ್‌ಗೆ ಮಾತ್ರ: ವಿಎಂ ಅನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಖಾಲಿ ಪೇಜ್‌ಗಳನ್ನು ನೆಟ್‌ವರ್ಕ್ ಮೇಲೆ ಕಳಿಸದೆ ಬಿಡಲು.

ನಿಜವಾದ ಬದಲಾವಣೆ 2020ರ ಲಿನಕ್ಸ್ 5.7ರದ್ದು. ರೆಡ್ ಹ್ಯಾಟ್‌ನ ನಿತೇಶ್ ನಾರಾಯಣ್ ಲಾಲ್ ಒಂದು ವಿಧಾನವನ್ನು ಮುಂದಿಟ್ಟಿದ್ದರು, ಅಲೆಕ್ಸಾಂಡರ್ ಡೈಕ್ ಬೇರೆಯದನ್ನು. ಕೊನೆಗೆ ಡೈಕ್ ಅವರ ಫ್ರೀ ಪೇಜ್ ರಿಪೋರ್ಟಿಂಗ್ ಸೇರಿತು. ಪ್ರತಿ ಪೇಜ್ ಬಿಟ್ಟಾಗಲೂ ಹೋಸ್ಟ್‌ಗೆ ಹೇಳುತ್ತಾ ಕೂತರೆ ವಿಎಂ ಬೇರೇನೂ ಮಾಡಲಾಗದು, ಕರ್ನಲ್ ಸೆಕೆಂಡಿಗೆ ಸಾವಿರಾರು ಪೇಜ್ ತೆಗೆದು ಬಿಡುತ್ತಿರುತ್ತದೆ. ಅದಕ್ಕೇ ಇಲ್ಲಿ ದೊಡ್ಡ ತುಂಡುಗಳನ್ನು ಮಾತ್ರ ನೋಡುತ್ತಾರೆ, ಎಕ್ಸ್86ನಲ್ಲಿ ಸಾಮಾನ್ಯವಾಗಿ 2 ಎಂಬಿ. ಅಂಥ ತುಂಡು ಖಾಲಿಯಾದ ಮೇಲೆ ಸುಮಾರು 2 ಸೆಕೆಂಡ್ ಬಿಟ್ಟು, ಒಂದು ಸಲಕ್ಕೆ ಹೆಚ್ಚೆಂದರೆ 32 ತುಂಡುಗಳನ್ನು ಫ್ರೀ ಲಿಸ್ಟ್‌ನಿಂದ ಪಕ್ಕಕ್ಕೆ ತೆಗೆದು, ಹೋಸ್ಟ್‌ಗೆ ತಿಳಿಸಿ, ಹೋಸ್ಟ್ ಆ ರ‍್ಯಾಮ್ ಕಿತ್ತುಕೊಂಡ ಮೇಲೆ "ಹೇಳಿಯಾಗಿದೆ" ಅಂತ ಗುರುತು ಹಾಕಿ ವಾಪಸ್ ಲಿಸ್ಟ್‌ಗೆ ಇಡುತ್ತಾರೆ. ಗೆಸ್ಟ್‌ಗೆ ಮತ್ತೆ ಬೇಕಾದರೆ ಯಾರನ್ನೂ ಕೇಳಬೇಕಿಲ್ಲ. ಮುಟ್ಟಿದರೆ ಫಾಲ್ಟ್, ಹೊಸ ಪೇಜ್ ಹಾಜರ್. ಎಷ್ಟು ಊದಬೇಕು ಅನ್ನೋ ಪ್ರಶ್ನೆಯೇ ಇಲ್ಲ, ಹಾಗಾಗಿ ಬಲೂನ್ ತರುವ ಓಓಎಂ ಭಯವೂ ಇಲ್ಲ.

ಇಷ್ಟಾದರೂ ಪೇಜ್ ಕ್ಯಾಶ್ ಅಲ್ಲೇ ಇದೆ. ರಿಪೋರ್ಟ್ ಆಗುವುದು ನಿಜವಾಗಿ ಖಾಲಿ ಇರುವ ಮೆಮೊರಿ ಮಾತ್ರ. ಗೆಸ್ಟ್ ಒಂದು 5 ಜಿಬಿ ಫೈಲ್ ಓದಿದರೆ ಅಷ್ಟೂ ಕ್ಯಾಶ್ ಆಗಿ ಉಳಿಯಬಹುದು. ಗೆಸ್ಟ್ ಒಳಗೆ ಒತ್ತಡ ಇಲ್ಲ, ಆದ್ದರಿಂದ ಬಿಡುವ ಕಾರಣವೂ ಇಲ್ಲ. ಹೋಸ್ಟ್ ಉಸಿರು ಕಟ್ಟುತ್ತಿದ್ದರೂ ಅದಕ್ಕೆ ತಿಳಿಯದು. ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವಿಎಂ) ಬಳಸುವವರು, ಆ ವಿಎಂ ಹಿಡಿದ ಮೆಮೊರಿ ತೋರಿಸುವ ವಿಎಂಮೆಮ್ ಅನ್ನೋ ಪ್ರೋಸೆಸ್ ಬಗ್ಗೆ ವರ್ಷಗಟ್ಟಲೆ ಗೊಣಗಿದ್ದು ಹೆಚ್ಚಾಗಿ ಇದಕ್ಕೇ, ಮತ್ತು ಅವರ ದೂರು ನ್ಯಾಯವಾದದ್ದೇ. 2023ರಲ್ಲಿ ಮೈಕ್ರೋಸಾಫ್ಟ್, ವಿಎಂ ಸುಮ್ಮನಿದ್ದಾಗ ಕ್ಯಾಶ್ ಅನ್ನು ನಿಧಾನವಾಗಿ ಇಲ್ಲವೇ ಒಮ್ಮೆಲೇ ಬಿಡಿಸುವ ಆಯ್ಕೆಯನ್ನು ಪ್ರಾಯೋಗಿಕವಾಗಿ ಕೊಟ್ಟಿತು. ಲಿನಕ್ಸ್ 5.19ರಿಂದ ಸಿಗ್ರೂಪ್‌ನ (ಪ್ರೋಸೆಸ್ ಗುಂಪುಗಳ ಬಳಕೆಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಮೆಮೊರಿ ರಿಕ್ಲೇಮ್ ಫೈಲ್‌ಗೆ ಬೇಕಾದ ಗಾತ್ರ ಬರೆದು ಅಷ್ಟನ್ನು ಬಿಡಿಸಬಹುದು. ಡ್ರಾಪ್ ಕ್ಯಾಶಸ್ ಅನ್ನೋ ಕರ್ನಲ್ ಆಯ್ಕೆ ಬಳಸಿ ಎಲ್ಲವನ್ನೂ ಒಟ್ಟಿಗೆ ಚೆಲ್ಲುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ತಡೆ ಹಾರ್ಡ್‌ವೇರ್‌ನದ್ದು. ಗ್ರಾಫಿಕ್ಸ್ ಕಾರ್ಡನ್ನೋ ನೆಟ್‌ವರ್ಕ್ ಕಾರ್ಡನ್ನೋ ನೇರವಾಗಿ ವಿಎಂಗೆ ಕೊಟ್ಟರೆ, ಆ ಸಾಧನ ಯಾವ ವಿಳಾಸಕ್ಕೆ ಯಾವಾಗ ಬರೆಯುತ್ತದೋ ಹೋಸ್ಟ್‌ಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ವಿಎಂನ ಅಷ್ಟೂ ಮೆಮೊರಿಯನ್ನು ಮೊದಲೇ ಪಿನ್ ಮಾಡಿಬಿಡುತ್ತಾರೆ, ಅಂದರೆ ಕದಲದಂತೆ ಕಟ್ಟಿಹಾಕುತ್ತಾರೆ. ಅಲ್ಲಿ ಬಲೂನೂ ಇಲ್ಲ, ರಿಪೋರ್ಟಿಂಗೂ ಇಲ್ಲ. ಸಾಮಾನ್ಯ ವಿಎಂಗಳಲ್ಲೂ, ಲಿನಕ್ಸ್ ಹೋಸ್ಟ್‌ನಲ್ಲಿ ವಿಎಂ ಓಡಿಸುವ ಕ್ಯೂಎಮು ರಿಪೋರ್ಟಿಂಗ್ ಅನ್ನು ತಾನಾಗಿ ಆನ್ ಮಾಡುವುದಿಲ್ಲ. 5.1 ಆವೃತ್ತಿಯಿಂದ ಬಲೂನ್ ಸಾಧನದ ಜೊತೆ ಆ ಆಯ್ಕೆ ಇದೆ, ಅದನ್ನು ಹೇಳಿ ಹಾಕಿಸಬೇಕು. ನಿಮ್ಮ ಹೋಸ್ಟ್‌ನಲ್ಲಿ ಮೆಮೊರಿ ವಾಪಸ್ ಬರುತ್ತಿಲ್ಲ ಅಂದರೆ ಮೊದಲು ಅಲ್ಲಿ ನೋಡಿ, ಆಮೇಲೆ ಗೆಸ್ಟ್‌ನ ಪೇಜ್ ಕ್ಯಾಶ್ ಎಷ್ಟಿದೆ ಅಂತ ನೋಡಿ.