ಅಪ್ಪ ಕುರಿ ಕದ್ದರೆ ಮಗ ಏನು ಮಾಡಬೇಕು?

ಅಪ್ಪ ಯಾರದೋ ಕುರಿ ಕದ್ದ. ಮಗ ಹೋಗಿ ಅಧಿಕಾರಿಗಳಿಗೆ ಹೇಳಿಬಿಟ್ಟ. ಮಗ ಮಾಡಿದ್ದು ಸರಿಯಾ? ಪ್ರಾಚೀನ ಚೀನಾದ ಚಿಂತಕರ ಜಗಳ ಅರ್ಥವಾಗಲು ಈ ಒಂದು ಪ್ರಶ್ನೆ ಹಿಡಿದುಕೊಂಡರೆ ಸಾಕು.

ಶೆ ಎಂಬ ಊರಿನ ಒಡೆಯ ಇಂಥ ಮಗನ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡಾಗ ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ತಲೆದೂಗಲಿಲ್ಲ. ನಮ್ಮ ಕಡೆ ಅಪ್ಪ ಮಗನ ತಪ್ಪು ಮುಚ್ಚುತ್ತಾನೆ, ಮಗ ಅಪ್ಪನದು ಮುಚ್ಚುತ್ತಾನೆ, ಪ್ರಾಮಾಣಿಕತೆ ಇರುವುದು ಅದರಲ್ಲೇ ಎಂದ. ಮನೆ ನೆಟ್ಟಗಿದ್ದರೆ ರಾಜ್ಯವೂ ನೆಟ್ಟಗಿರುತ್ತದೆ ಎನ್ನುವುದು ಅವನ ಲೆಕ್ಕ.

ಎಲ್ಲರನ್ನೂ ಸಮಾನವಾಗಿ ಪ್ರೀತಿಸಬೇಕು ಎಂದ ಚಿಂತಕ ಮೋಝಿಯ ಅನುಯಾಯಿಗಳಿಗೆ ಈ 'ನಮ್ಮವರು' ಎಂಬುದೇ ರೋಗದ ಮೂಲ. ಅವರ ಮುಖಂಡ ಫು ತುನ್‌ನ ಮಗ ಕೊಲೆ ಮಾಡಿದ. ಅಪ್ಪ ಮುದುಕ, ಇರುವವನೊಬ್ಬನೇ ಮಗ ಅಂತ ಚಿನ್ ರಾಜ್ಯದ ದೊರೆ ಕ್ಷಮಿಸಿದ. ಅಪ್ಪನೇ ಒಪ್ಪಲಿಲ್ಲ, ಮಗನ ಪ್ರಾಣ ತೆಗೆಸಿದ ಎನ್ನುತ್ತದೆ ಹಳೆಯ ಕಥೆ. ಓದಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ? ಇನ್ನು ಎಲ್ಲವನ್ನೂ ಅದರ ಸಹಜ ದಾರಿಗೆ ಬಿಡಿ ಎನ್ನುವ ಲಾವೋಝಿಯ ದಾವೋ ಪಂಥ, ಕಾನೂನು ಜಾಸ್ತಿಯಾದಷ್ಟೂ ಕಳ್ಳರೂ ಜಾಸ್ತಿ ಎಂದು ಹೇಳಿ ಸುಮ್ಮನಾಯಿತು.

ಹಾನ್ ಫೇ (ನಿಧನ ಕ್ರಿ.ಪೂ. 233) ಕಾನೂನುವಾದಿ, ಅಂದರೆ ಕಟ್ಟುನಿಟ್ಟಾದ ಕಾನೂನು, ಶಿಕ್ಷೆಗಳಿಂದಲೇ ರಾಜ್ಯ ನಡೆಯಬೇಕು ಎನ್ನುವವನು. ಅವನು ಹೇಳುವ ಕುರಿ ಕಥೆಯಲ್ಲಿ, ಅಪ್ಪನಿಗೆ ದ್ರೋಹ ಬಗೆದನೆಂದು ಅಧಿಕಾರಿ ಮಗನನ್ನೇ ಕೊಲ್ಲಿಸುತ್ತಾನೆ. ಆಮೇಲೆ ಆ ರಾಜ್ಯದಲ್ಲಿ ಅಪರಾಧಗಳ ಸುದ್ದಿ ಮೇಲಕ್ಕೆ ಬರುವುದೇ ನಿಂತಿತಂತೆ. ಅಪ್ಪನಿಗೆ ಒಳ್ಳೆಯ ಮಗ, ದೊರೆಗೆ ಒಳ್ಳೆಯ ಪ್ರಜೆ, ಎರಡೂ ಒಟ್ಟಿಗೆ ಆಗದು ಎನ್ನುವುದು ಅವನ ವಾದ.

ಇವು ಮಾತಿನ ವಾದಗಳು. ಆಡಳಿತ ಹೇಗಿತ್ತು? ಕಾನೂನುವಾದಿಗಳ ಮಾತು ಕೇಳಿಯೇ ಕ್ರಿ.ಪೂ. 221ರಲ್ಲಿ ಇಡೀ ಚೀನಾವನ್ನು ಒಂದು ಮಾಡಿದ್ದು ಚಿನ್ ರಾಜ್ಯ. 1975ರಲ್ಲಿ ಹುಬೈ ಪ್ರಾಂತ್ಯದ ಶುಯ್‌ಹುದಿಯಲ್ಲಿ ಆ ಕಾಲದ ಒಬ್ಬ ಸಣ್ಣ ಅಧಿಕಾರಿಯ ಸಮಾಧಿ ಸಿಕ್ಕಿತು. ಶವಪೆಟ್ಟಿಗೆಯೊಳಗೆ ಬರಹವಿದ್ದ ಬಿದಿರು ಪಟ್ಟಿಗಳು, 1100ಕ್ಕೂ ಹೆಚ್ಚು! ಅವುಗಳಲ್ಲಿ ಬಹಳಷ್ಟು ಕಾನೂನಿನವು. ಒಂದು ನಿಯಮ ನೋಡಿ: ಸರ್ಕಾರಿ ಎತ್ತು ಉಳುಮೆಯಲ್ಲಿ ಸೊರಗಿ ಅದರ ಮೈಸುತ್ತಳತೆ ಕಡಿಮೆಯಾದರೆ, ಒಂದೊಂದು ಅಂಗುಲಕ್ಕೂ ಅದನ್ನು ನೋಡಿಕೊಳ್ಳುವವನಿಗೆ 10 ಏಟು. ಚೆನ್ನಾಗಿ ಸಾಕಿದವನಿಗೆ ಮದ್ಯ, ಒಣಮಾಂಸದ ಬಹುಮಾನ.

ಇಷ್ಟು ಬಿಗಿಯಾದ ಸರ್ಕಾರವೂ ಮನೆಯ ಹೊಸ್ತಿಲಲ್ಲಿ ಸ್ವಲ್ಪ ತಡೆಯಿತು. ಮನೆಯೊಳಗಿನ ವಿಷಯಕ್ಕೆ ಮಗ ಹೆತ್ತವರ ಮೇಲೆ ದೂರು ತಂದರೆ ಕೇಳಬೇಡಿ, ಪಟ್ಟು ಹಿಡಿದರೆ ಅವನೇ ಅಪರಾಧಿ ಎನ್ನುತ್ತವೆ ಅದೇ ಪಟ್ಟಿಗಳು. ಮುಂದೆ ಬಂದ ಟ್ಯಾಂಗ್ ರಾಜವಂಶದ ಕ್ರಿ.ಶ. 653ರ ಕಾನೂನು ಸಂಹಿತೆ ಇನ್ನೂ ಮುಂದೆ ಹೋಯಿತು. ಅಪ್ಪನ ಮೇಲೆ ದೂರು ಕೊಟ್ಟ ಮಗನಿಗೆ ಕತ್ತು ಬಿಗಿದು ಮರಣದಂಡನೆ. ಕನ್‌ಫ್ಯೂಷಿಯಸ್‌ನ ಮಾತನ್ನು ಕಾನೂನುವಾದಿಗಳ ದೊಣ್ಣೆ ಹಿಡಿದು ಜಾರಿ ಮಾಡಿದ ಹಾಗಾಯಿತು. ಆದರೆ ಅಪ್ಪ ರಾಜದ್ರೋಹ ಮಾಡಿದರೆ ಅವನಿಗೆ ಈ ರಕ್ಷಣೆ ಇರಲಿಲ್ಲ. ಅಲ್ಲಿ ಮಗ ಬಾಯಿ ಬಿಡಬಹುದಿತ್ತು.