ಟ್ಯೂಬ್‌ಶೀಟ್ ಸ್ಕ್ರಿಪ್ಟ್: ತೂತನ್ನು ಜಾಗ ನೋಡಿ ಹಿಡಿಯಿರಿ

ಶೆಲ್ ಅಂಡ್ ಟ್ಯೂಬ್ ಹೀಟ್ ಎಕ್ಸ್‌ಚೇಂಜರಿನ ಟ್ಯೂಬ್‌ಶೀಟ್ ಅಂದರೆ ಟ್ಯೂಬುಗಳು ಕೂರುವ ನೂರಾರು ತೂತುಗಳಿರುವ ದಪ್ಪ ತಟ್ಟೆ. ಅದರ ಮೇಲಿನ ತಾಪ, ಒತ್ತಡದ ಪರಿಣಾಮವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಅದರ ಮಾದರಿಯನ್ನು ಸ್ಕ್ರಿಪ್ಟ್ ಬರೆದು ಕಟ್ಟುತ್ತೇವೆ. ಆ ಮಾದರಿಯಲ್ಲಿ ತೂತು ಕೊರೆಯುವುದು ಸ್ಕ್ರಿಪ್ಟಿಗೆ ಸುಲಭ. ಟ್ಯೂಬಿನ ಹೊರವ್ಯಾಸ 25.4 ಮಿ.ಮೀ. ಇದ್ದು, ಪಿಚ್ (ಪಕ್ಕಪಕ್ಕದ ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ) ಅದರ 1.25 ಪಟ್ಟು ಎಂದರೆ 31.75 ಮಿ.ಮೀ. ತ್ರಿಕೋನ ಜೋಡಣೆಯಲ್ಲಿ ಸಾಲಿನಿಂದ ಸಾಲಿಗೆ ಸುಮಾರು 27.5 ಮಿ.ಮೀ., ಸಾಲು ಬಿಟ್ಟು ಸಾಲು ಅರ್ಧ ಪಿಚ್ ಪಕ್ಕಕ್ಕೆ. ಎರಡು ಲೂಪ್, ಹೊರವೃತ್ತ ದಾಟಿದ್ದನ್ನು ಬಿಡಲು ಒಂದು ಷರತ್ತು. ಮುಗೀತು.

ತಲೆನೋವು ಬೌಂಡರಿ ಕಂಡೀಷನ್‌ನಲ್ಲಿದೆ, ಅಂದರೆ ಯಾವ ತೂತಿನ ಗೋಡೆಗೆ ಎಷ್ಟು ತಾಪಮಾನ ಎಂದು ಹೇಳುವುದರಲ್ಲಿ. ಎರಡು ಪಾಸ್ ಇದ್ದರೆ, ಅಂದರೆ ದ್ರವ ಅರ್ಧ ಟ್ಯೂಬುಗಳಲ್ಲಿ ಹೋಗಿ ಉಳಿದರ್ಧದಲ್ಲಿ ವಾಪಸ್ ಬರುವುದಾದರೆ, ಒಂದರ್ಧ ತೂತುಗಳಿಗೆ ಒಳಬರುವ ದ್ರವದ ತಾಪಮಾನ, ಇನ್ನರ್ಧಕ್ಕೆ ಹೊರಹೋಗುವುದರದ್ದು. ಹೊಸಬರು ಇದನ್ನು ಒಮ್ಮೆ ಮೌಸಿನಲ್ಲಿ ಮಾಡಿ, ಅಬಾಕಸ್ (ಇಂಥ ಲೆಕ್ಕ ಮಾಡುವ ಸಾಫ್ಟ್‌ವೇರ್) ಆ ಹೆಜ್ಜೆಗಳನ್ನು ಬರೆದಿಟ್ಟ ರಿಪ್ಲೇ ಫೈಲನ್ನು ನಕಲು ಮಾಡಿಕೊಳ್ಳುತ್ತಾರೆ. ಕಲಿಯಲು ಒಳ್ಳೆಯ ದಾರಿಯೇ. ಆದರೆ ಅದರಲ್ಲಿ ಫೇಸ್‌ಗಳ (ತೂತಿನ ಗೋಡೆಯಂಥ ಮೇಲ್ಮೈಗಳ) ಗುರುತು ಮಾಸ್ಕ್ ಎಂಬ ಸಂಕೇತದ ರೂಪದಲ್ಲಿರುತ್ತದೆ. ಮಾಸ್ಕ್ ನಿಂತಿರುವುದು ಅಬಾಕಸ್ ಒಳಗೊಳಗೇ ಫೇಸ್‌ಗಳಿಗೆ ಕೊಡುವ ಎಣಿಕೆಯ (ಕ್ರಮಸಂಖ್ಯೆಯ) ಮೇಲೆ. ಒಂದು ತೂತು ಸೇರಿಸಿದರೂ ಎಣಿಕೆ ಬದಲಾಗಬಹುದು. ಆಗ ಎರರ್ ಬಂದರೆ ಅದೃಷ್ಟ ಅನ್ನಿ. ಬರದಿದ್ದರೆ ತಾಪಮಾನ ಸುಮ್ನೆ ಬೇರೆ ತೂತಿಗೆ ಹೋಗಿ ಕೂರುತ್ತದೆ, ಬಣ್ಣದ ಚಿತ್ರ ಮಾತ್ರ ಚೆನ್ನಾಗಿಯೇ ಕಾಣುತ್ತದೆ.

ಅದಕ್ಕೇ ನಾನು ತೂತು ಕೊರೆಯುವ ಲೂಪಿನಲ್ಲೇ ಪ್ರತಿ ಕೇಂದ್ರವನ್ನೂ ಪಟ್ಟಿಗೆ ಹಾಕಿಡುತ್ತೇನೆ. ಆಮೇಲೆ ಅದೇ ಪಟ್ಟಿ ಹಿಡಿದು, ಒಂದೊಂದು ಕೇಂದ್ರಕ್ಕೂ ತೂತಿಗಿಂತ 1 ಮಿ.ಮೀ. ಹೆಚ್ಚು ತ್ರಿಜ್ಯವಿರುವ ಸಿಲಿಂಡರ್ ಕೊಟ್ಟು, ಅದರೊಳಗೆ ಪೂರ್ತಿ ಬರುವ ಫೇಸ್‌ಗಳನ್ನು ಆರಿಸುವ ‘ಗೆಟ್‌ಬೈಬೌಂಡಿಂಗ್‌ಸಿಲಿಂಡರ್’ ಕರೆಯುತ್ತೇನೆ. ಎರಡು ತೂತುಗಳ ನಡುವೆ ಉಳಿಯುವ ಲೋಹ ಸುಮಾರು 6 ಮಿ.ಮೀ., ಹಾಗಾಗಿ ಪಕ್ಕದ ಗೋಡೆ ಸಿಕ್ಕಿಬೀಳುವುದಿಲ್ಲ. ಯಾವ ಪಾಸ್ ಎಂಬುದನ್ನು ಕೇಂದ್ರದ ವೈ ಬೆಲೆಯೇ ಹೇಳುತ್ತದೆ. ಜಿಮೆಶ್ ಎಂಬ ಮೆಶ್ ಸಾಫ್ಟ್‌ವೇರಿನಲ್ಲಿ ಇದೇ ಕೆಲಸಕ್ಕೆ ಬೌಂಡಿಂಗ್ ಬಾಕ್ಸ್ ಇದೆ. ಅಲ್ಲೂ ಸ್ವಲ್ಪ ಸಡಿಲ ಬಿಡಿ, ಅಂಚಿಗೆ ಅಂಚು ಸರಿಯಾಗಿ ಅಳೆದು ಕೊಟ್ಟರೆ ಏನೂ ಸಿಗದೇ ಹೋಗಬಹುದು.

ತೂತಿನ ಗೋಡೆಗೆ ಒತ್ತಡವನ್ನೂ ಕೊಡುತ್ತಿದ್ದರೆ ಒಂದು ಎಚ್ಚರ. ಎಲ್ಲ ತೂತಿಗೂ ಒತ್ತಡ ಬಿತ್ತೇ ಎಂದು ತಿಳಿಯಲು ರಿಯಾಕ್ಷನ್ ಫೋರ್ಸ್ (ಆಧಾರಗಳಲ್ಲಿ ಬರುವ ಪ್ರತಿಬಲ) ಕೂಡಿಸಿ ನೋಡಿದರೆ ಸಾಕು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ದುಂಡು ಗೋಡೆಯ ಸುತ್ತ ಒತ್ತಡ ತನ್ನನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಹತ್ತು ತೂತು ಬಿಟ್ಟುಹೋಗಿದ್ದರೂ ಮೊತ್ತ ಸೊನ್ನೆಯೇ. ಬದಲಿಗೆ, ಆಯ್ಕೆಯಾದ ಫೇಸ್‌ಗಳ ವಿಸ್ತೀರ್ಣ ಕೂಡಿಸಿ. ಅದು ಪೈ, ತೂತಿನ ವ್ಯಾಸ, ತಟ್ಟೆಯ ದಪ್ಪ, ತೂತುಗಳ ಸಂಖ್ಯೆ, ಈ ನಾಲ್ಕರ ಗುಣಲಬ್ಧಕ್ಕೆ ಹೊಂದದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ, ಲೆಕ್ಕ ಬಿಡಿಸುವ ಸಾಲ್ವರ್‌ವರೆಗೂ ಹೋಗಬಾರದು.